ಎರಡು ಗಂಟೆಯಲ್ಲಿ ಕುಲಕಸುಬು

ಬೆಂಗಳೂರಿಗೆ ಬಂದವರು ಮೊದಲೆಲ್ಲ ಲಾಲ್‌ಬಾಗ್ ಸುತ್ತಿ, ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಕೈಮುಗಿದು, ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಂಡು ರಾತ್ರಿ ಬಸ್ಸು ಹತ್ತುತ್ತಿದ್ದರು. ಈಗ ನೋಡಿದರೆ ಸಾಲದು, ಮಾಡಬೇಕು. ದೋಸೆ ಹುಯ್ಯಬೇಕು, ತಿಗರಿ ತಿರುಗಿಸಬೇಕು, ಬುಗುರಿಗೆ ಬಣ್ಣ ಹಚ್ಚಬೇಕು, ಮಲ್ಲಿಗೆ ಕಟ್ಟಬೇಕು. ಎಲ್ಲವೂ ಶನಿವಾರ ಬೆಳಿಗ್ಗೆ 11ರಿಂದ 1ರೊಳಗೆ ಮುಗಿಯಬೇಕು. ಕೊನೆಗೆ ಪ್ರಮಾಣಪತ್ರ. ಜಿಎಸ್‌ಟಿ ಪ್ರತ್ಯೇಕ.

ಇಂಥ ವರ್ಕ್‌ಶಾಪ್ ತೆರೆದು ನಾಲ್ಕು ಕಾಸು ಮಾಡಿಕೊಳ್ಳೋಣ ಎನ್ನುವವರಿಗೆ ಇಲ್ಲಿ ಕೆಲವು ಸೂಚನೆಗಳಿವೆ. ಬಂಡವಾಳ ಅಷ್ಟೇನೂ ಬೇಡ. ಇಂದಿರಾನಗರದಲ್ಲೋ ಜಯನಗರದಲ್ಲೋ ಒಂದು ತಾರಸಿ, ಗೋಡೆಗೆ ನೇತುಹಾಕಲು ನಾಲ್ಕು ಮೊರ, ಹಳದಿ ದೀಪದ ಸರ, ತಲೆಗೊಂದರಂತೆ ಖಾದಿ ಏಪ್ರನ್. ಕೆಲಸ ಗೊತ್ತಿರುವವರು ಒಬ್ಬರು ಬೇಕು, ಹಿಂದೆ ನಿಂತಿರಲಿ. ಮುಂದೆ ನಿಂತು ಮಾತಾಡುವವರಿಗೆ ಕೆಲಸ ಗೊತ್ತಿರಬೇಕೆಂದೇನಿಲ್ಲ.

ಮೊದಲು ದೋಸೆ. ಬೇಡಿಕೆ ಇರುವುದು ಅದಕ್ಕೇ, ತಲೆನೋವೂ ಅದರದ್ದೇ. 3 ಪಾವು ದೋಸೆ ಅಕ್ಕಿಗೆ 1 ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಬಣ್ಣಕ್ಕೆ ಒಂದು ಹಿಡಿ ಕಡಲೆಬೇಳೆ, ಇನ್ನೊಂದು ಹಿಡಿ ಅವಲಕ್ಕಿ. ನೆನೆಯುವುದಕ್ಕೆ 4ರಿಂದ 5 ಗಂಟೆ. ಗ್ರೈಂಡರಿನಲ್ಲಿ ಉದ್ದು ಅರ್ಧ ಗಂಟೆ ತಿರುಗಬೇಕು, ನೀರನ್ನು ಚಿಮುಕಿಸಿ ಚಿಮುಕಿಸಿ ಕೊಡಬೇಕು. ಒಂದೇ ಸಲ ಸುರಿದರೆ ಹಿಟ್ಟು ನೀರಾಗುತ್ತದೆ, ಉಬ್ಬುವುದಿಲ್ಲ. ಮಿಕ್ಸಿಗೆ ಹಾಕಿದರೆ ಹಿಟ್ಟು ಬಿಸಿಯಾಗಿ ಹುದುಗು ಕೆಡುತ್ತದೆ. ಇಷ್ಟಾದ ಮೇಲೆ ಹುಳಿ ಬರಲು ಏಪ್ರಿಲ್‌ನಲ್ಲಿ 8 ಗಂಟೆ ಸಾಕು, ಡಿಸೆಂಬರಿನಲ್ಲಿ 14 ಗಂಟೆಯಾದರೂ ಪಾತ್ರೆ ಮಿಸುಕುವುದಿಲ್ಲ. ನಿಮ್ಮ ಬ್ಯಾಚು ಇರುವುದು 2 ಗಂಟೆ.

ಇದಕ್ಕೊಂದು ಸುಲಭ ಉಪಾಯವಿದೆ. ಇವತ್ತಿನ ಅತಿಥಿಗಳು ರುಬ್ಬಿದ್ದು ನಾಳಿನವರ ಹೆಂಚಿಗೆ. ಭಾನುವಾರ ಬಂದವರು ‘ನಾವೇ ರುಬ್ಬಿದ್ದು’ ಎಂದುಕೊಂಡು ಶನಿವಾರದವರ ಹಿಟ್ಟಿನ ದೋಸೆ ತಿನ್ನುತ್ತಾರೆ. ಹಾಗಾದರೆ ಶನಿವಾರದವರು ತಿಂದದ್ದು? ಶುಕ್ರವಾರ ಸಂಜೆ ಅಡುಗೆಯಮ್ಮ ರುಬ್ಬಿಟ್ಟು ಹೋದದ್ದು. ಆಕೆಯ ಹೆಸರನ್ನು ಇನ್‌ಸ್ಟಾಗ್ರಾಮಿಗೆ ಹಾಕುವ ಅಗತ್ಯವಿಲ್ಲ.

ಇನ್ನು ಹುಯ್ಯುವುದು. ಹೆಂಚು ಅತಿಯಾಗಿ ಕಾದಿದ್ದರೆ ಹಿಟ್ಟು ಸೌಟಿಗೆ ಸುತ್ತಿಕೊಂಡು ಮೇಲೇಳುತ್ತದೆ. ಕಾಯದಿದ್ದರೆ ಹೆಂಚಿಗೇ ಕಚ್ಚುತ್ತದೆ. ಇವೆರಡರ ನಡುವಿನ ಹದ ಹಿಡಿಯಲು ದರ್ಶಿನಿಯ ಭಟ್ಟರು ಮಾಡುವುದೇನೆಂದು ಎಲ್ಲರಿಗೂ ಗೊತ್ತು: ನೀರು ಎರಚಿ, ಕಡ್ಡಿಪೊರಕೆಯಿಂದ ಸರಕ್ಕನೆ ಗುಡಿಸುತ್ತಾರೆ. ಹೆಂಚಿನ ಮೇಲ್ಮೈ ತಣಿಯುತ್ತದೆ, ಹಳೆಯ ಕರಿ ಹೋಗುತ್ತದೆ, ಹೊಸ ದೋಸೆಗೆ ಜಾಗ ಸಿದ್ಧ. ನೂರು ದೋಸೆಗೆ ನೂರು ಸಲ ಈ ಪೊರಕೆ ಬೇಕು. ಆದರೆ ವರ್ಕ್‌ಶಾಪಿನಲ್ಲಿ ಪೊರಕೆ ಕಂಡರೆ ಕೆಲಸ ಕೆಟ್ಟಿತು, ಮುಂದಿನ ಬ್ಯಾಚಿಗೆ ಬುಕಿಂಗ್ ಬರುವುದಿಲ್ಲ. ಅದರ ಬದಲು ಸಿಲಿಕಾನ್ ಬ್ರಷ್ ಇಡಿ, ಬೇಕಾದರೆ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಕೊಡಿ. ದೋಸೆ ಏಳದಿದ್ದರೂ ಫೋಟೊ ಚೆನ್ನಾಗಿ ಬರುತ್ತದೆ. ಎದ್ದಷ್ಟನ್ನು ಕೆರೆದು ತಟ್ಟೆಗೆ ಹಾಕಿ ಮೇಲೊಂದು ಮುದ್ದೆ ಬೆಣ್ಣೆ ಇಟ್ಟು ‘ದಾವಣಗೆರೆ ಶೈಲಿ’ ಎನ್ನಿ. ದಾವಣಗೆರೆಯವರು ಬ್ಯಾಚಿನಲ್ಲಿ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಬಾಗಿಲು ತೆರೆದಿದೆ. ಅಲ್ಲಿ ಹೊರಗೆ ಹೆಸರು ಬರೆಸಿ ಕಾದರೆ, ಸರ್ವರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳ ಅಟ್ಟ ಜೋಡಿಸಿಕೊಂಡು ಬರುವುದನ್ನು ಪುಕ್ಕಟೆ ನೋಡಬಹುದು. ಈ ಸಂಗತಿಯನ್ನು ಅತಿಥಿಗಳಿಗೆ ಹೇಳಬೇಡಿ.

ಎರಡನೆಯದು ಚನ್ನಪಟ್ಟಣ. ಮೈಸೂರು ರಸ್ತೆಯಲ್ಲಿ ಹೋದರೆ ಸುಮಾರು 60 ಕಿಲೋಮೀಟರ್. ಹಳೆಯ ಹೆದ್ದಾರಿಯಲ್ಲಿ ಹೋಗುವವರು ಬೊಂಬೆ ಅಂಗಡಿ ಕಂಡಲ್ಲಿ ಕಾರು ನಿಲ್ಲಿಸುತ್ತಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ರಸ್ತೆ ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹೋಯಿತು, ಅಂಗಡಿಯವರು ಗಿರಾಕಿ ಇಲ್ಲದೆ ಕೂತರು. ಅವರ ಊರನ್ನು ಅರ್ಧ ನಿಮಿಷದಲ್ಲಿ ದಾಟಿ ಬಂದವರೇ ಈಗ ಬೆಂಗಳೂರಿನ ತಾರಸಿಯಲ್ಲಿ 2,499 ರೂಪಾಯಿ ಕೊಟ್ಟು ‘ಅಳಿವಿನಂಚಿನ ಕಲೆ’ ಉಳಿಸುತ್ತಿದ್ದಾರೆ. ಟೋಲ್ ಬೇರೆ ಕಟ್ಟಿದ್ದಾರೆ ಪಾಪ.

ಕೆಲಸದ ವಿಷಯಕ್ಕೆ ಬಂದರೆ, ಆಲೆಮರದ ತುಂಡುಗಳನ್ನು ತೊಗಟೆ ತೆಗೆದು ಎರಡು ಮೂರು ತಿಂಗಳು ಒಣಗಿಸಬೇಕು. ಹಸಿಯಿದ್ದಾಗಲೇ ಕಡೆದರೆ ಆಮೇಲೆ ಮರ ಕುಗ್ಗಿ ಬಣ್ಣ ಬಿರುಕು ಬಿಡುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಆಕಾರ ತೆಗೆದು, ಉಪ್ಪುಕಾಗದದಿಂದ ನಯ ಮಾಡಿ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಬೇಕು. ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಬೇರೆ ಬೆಂಕಿ ಬೇಡ. ಆಮೇಲೆ ಕೇದಗೆಯ ಗರಿ ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ವೇಗ ಕಡಿಮೆಯಾದರೆ ಅರಗು ತೇಪೆ ತೇಪೆಯಾಗಿ ಕೂರುತ್ತದೆ. ಗರಿಯನ್ನು ಅತಿಯಾಗಿ ಒತ್ತಿದರೆ ಹಚ್ಚಿದ ಬಣ್ಣವೇ ಎದ್ದು ಬರುತ್ತದೆ. ಉಳಿ ಒಂದಿಷ್ಟು ಓರೆಯಾದರೆ ಮರ ಕಚ್ಚಿ ತುಂಡು ಹಾರುತ್ತದೆ, ಯಾರ ಹಣೆಗೆ ಎಂದು ಹೇಳಲಾಗದು.

ಆದ್ದರಿಂದ ಉಳಿಯನ್ನು ಅತಿಥಿಗಳ ಕೈಗೆ ಕೊಡಬಾರದು. ಬುಗುರಿಯನ್ನು ಕುಶಲಕರ್ಮಿ ಮೊದಲೇ ಕಡೆದಿಟ್ಟಿರಲಿ. ಅತಿಥಿ ಬಂದು, ಜಡೆ ಕಟ್ಟಿ, ದುಪಟ್ಟಾ ತೆಗೆದಿಟ್ಟು, ಅರ್ಧ ನಿಮಿಷ ಅರಗಿನ ಕಡ್ಡಿ ಹಿಡಿಯಲಿ. ಅವರ ಕೈಯನ್ನು ಕುಶಲಕರ್ಮಿ ಹಿಡಿದಿರಲಿ. ಇಷ್ಟಕ್ಕೆ ಬುಗುರಿ ‘ನನ್ನ ಕೈಯಾರೆ ಮಾಡಿದ್ದು’ ಆಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕವಿದೆ, ಆ ಹೆಸರು ಆ ಊರಲ್ಲಿ ಮಾಡಿದ್ದಕ್ಕೆ ಮಾತ್ರ ಸಲ್ಲಬೇಕು. ನಿಮ್ಮ ತಾರಸಿ ಯಾವ ಭೂಗೋಳಕ್ಕೆ ಸೇರುತ್ತದೆ ಎಂದು ಯಾರೂ ಕೇಳಿಲ್ಲವಾದ್ದರಿಂದ ನೀವೂ ಬಾಯಿ ಬಿಡಬೇಡಿ.

ಮಡಕೆಯದು ಹೆಚ್ಚು ಹೇಳುವಂಥದ್ದಲ್ಲ. ಮಣ್ಣಿನ ಮುದ್ದೆಯನ್ನು ತಿಗರಿಯ ನಡುವಿಗೆ ಸರಿಯಾಗಿ ಕೂರಿಸುವುದಕ್ಕೇ ಕಲಿಯುವವನಿಗೆ ವಾರಗಳು ಹಿಡಿಯುತ್ತವೆ. ಅದು ಕೂರದಿದ್ದರೆ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹಪ್ಪಳ, ಮೇಲೆತ್ತುತ್ತಲೇ ಕುಸಿತ. ಕುಸಿಯದೆ ಉಳಿದದ್ದನ್ನೂ ನೆರಳಲ್ಲಿ ವಾರ ಒಣಗಿಸಿ ಆಮೇಲೆ ಸುಡಬೇಕು, ಅವಸರ ಮಾಡಿದರೆ ಒಳಗಿನ ತೇವ ಆವಿಯಾಗಿ ಗೂಡಿನಲ್ಲೇ ಸಿಡಿಯುತ್ತದೆ. ಪ್ರವಾಸಿ ನಾಳೆ ವಿಮಾನ ಹತ್ತುವವರು. ‘ಮೂರು ವಾರದಲ್ಲಿ ಕೊರಿಯರ್ ಮಾಡುತ್ತೇವೆ’ ಎಂದು ವಿಳಾಸ ಬರೆಸಿಕೊಳ್ಳಿ, ಕಪಾಟಿನಲ್ಲಿರುವ ಯಾವುದಾದರೂ ಬಟ್ಟಲು ಕಳಿಸಿ. ತಮ್ಮದಲ್ಲ ಎಂದು ಯಾರೂ ಹೇಳರು, ತಮ್ಮದು ಇಷ್ಟು ಚೆನ್ನಾಗಿತ್ತೇ ಎಂದು ಹಿಗ್ಗುತ್ತಾರೆ.

ಹೂ ಕಟ್ಟುವ ಪಾಠಕ್ಕೆ ಲಾಭ ಹೆಚ್ಚು, ಏಕೆಂದರೆ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ತಂದ ಒಂದು ಕೆ.ಜಿ. ಮೊಗ್ಗು ಇಡೀ ಬ್ಯಾಚಿಗೆ ಸಾಕು. ಬಾಳೆನಾರನ್ನು ನೀರಲ್ಲಿ ನೆನೆಸಿಟ್ಟು ಸೀಳಿಕೊಳ್ಳಬೇಕು, ಒಣ ನಾರು ಗಂಟಿಗೇ ಕಿತ್ತುಬರುತ್ತದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟಿಗೆ ತೊಟ್ಟು ತಾಗಿಸಿ, ನಾರನ್ನು ಸುತ್ತಿ ಕುಣಿಕೆ ಎಳೆಯುವುದು. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ. ಮೊಗ್ಗಿರುವಾಗಲೇ ಕಟ್ಟಿ ಮುಗಿಸಬೇಕು. ಆದರೆ ಸಂಜೆ 5ರ ಬ್ಯಾಚು ಟ್ರಾಫಿಕ್ಕಿನಿಂದ 6ಕ್ಕೆ ಶುರುವಾಗುತ್ತದೆ. ಅಷ್ಟರಲ್ಲಿ ಮಲ್ಲಿಗೆ ಅರಳಿ, ಮುಟ್ಟಿದರೆ ಎಸಳು ಉದುರುತ್ತಿರುತ್ತದೆ. ಎರಡು ಗಂಟೆಯಲ್ಲಿ ತಲೆಗೆ ಅರ್ಧ ಮೊಳ ಆದರೆ ಹೆಚ್ಚು. ತಾರಸಿಯ ಕೆಳಗೇ ಫುಟ್‌ಪಾತಿನಲ್ಲಿ ಕೂತ ಹೂವಿನವರು ಅಷ್ಟರಲ್ಲಿ ಮಾರುಗಟ್ಟಲೆ ಕಟ್ಟಿ, ಅದನ್ನು ಮಾರಿ, ಮೊಳಕ್ಕೆ ಹತ್ತು ರೂಪಾಯಿ ಕಡಿಮೆ ಮಾಡಿ ಎಂದು ನಿಮ್ಮ ಅತಿಥಿಗಳಿಂದಲೇ ಚೌಕಾಸಿ ಮಾಡಿಸಿಕೊಂಡಿರುತ್ತಾರೆ.

ಇಷ್ಟೆಲ್ಲ ಇರುವಾಗ, ಈ ಊರಲ್ಲಿ ಬಂದವರಿಗೆ ನಿಜಕ್ಕೂ ಬೇಕಾದ ತರಗತಿಯನ್ನು ಮಾತ್ರ ಯಾರೂ ನಡೆಸುತ್ತಿಲ್ಲ: ಆಟೊ ಹತ್ತುವುದು. ಪಠ್ಯ ಸ್ಪಷ್ಟವಾಗಿದೆ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ. ವಿದ್ಯಾರ್ಥಿ ರಸ್ತೆಬದಿ ನಿಂತು ‘ಮೀಟರ್ ಹಾಕ್ತೀರಾ ಅಣ್ಣಾ?’ ಎಂದು ಸ್ಪಷ್ಟ ಕನ್ನಡದಲ್ಲಿ ಕೇಳಬೇಕು. ಉತ್ತರ ಮೂರರಲ್ಲಿ ಒಂದು. ‘ಆ ಕಡೆ ಬರಲ್ಲ.’ ‘ಮೀಟರ್ ಮೇಲೆ ಐವತ್ತು ಕೊಡಿ.’ ಮೂರನೆಯದರಲ್ಲಿ ಮಾತಿಲ್ಲ, ಆಟೊ ಮುಂದೆ ಹೋಗಿರುತ್ತದೆ. ಸಾಮಗ್ರಿ ಖರ್ಚಿಲ್ಲ, ಬಾಡಿಗೆಯಿಲ್ಲ, ಹಿಂದಿನ ದಿನ ನೆನೆಸಿಡುವುದೇನಿಲ್ಲ. ತೊಂದರೆಯೊಂದೇ: ಪಾಸಾದವರಿಗಷ್ಟೇ ಪ್ರಮಾಣಪತ್ರ ಎಂದು ನಿಯಮ ಮಾಡಿದರೆ ಅಚ್ಚು ಹಾಕಿಸಿದ್ದೆಲ್ಲ ಹಾಗೇ ಉಳಿದುಹೋದೀತು. ಹತ್ತೇ ಪ್ರತಿ ಹಾಕಿಸಿ.