ಸ್ಪಷ್ಟನೆ: ಕೆರಿಬಿಯನ್ ಕ್ರೂಸ್‌ಗೆ ಪಾಸ್‌ಪೋರ್ಟ್ ಬೇಡ ಅನ್ನೋದು ಎಲ್ಲರಿಗೂ ಅಲ್ಲ

'ಮಯಾಮಿಯಿಂದ ಹೊರಡುವ ಕೆರಿಬಿಯನ್ ಕ್ರೂಸ್‌ಗೆ ಗಂಡ ಹೆಂಡತಿ ಇಬ್ಬರಿಗೂ ಪಾಸ್‌ಪೋರ್ಟ್, ವೀಸಾ ಬೇಡ, ಜನನ ಪ್ರಮಾಣಪತ್ರ ಸಾಕು' ಅನ್ನುವ ಸಂದೇಶ ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಿ ಹೊರಡಬೇಡಿ. ಆ ವಿನಾಯಿತಿ ಅಮೆರಿಕದ ಪ್ರಜೆಗಳಿಗೆ ಮಾತ್ರ, ಅದೂ ಹಡಗು ಹೊರಟ ಬಂದರಿಗೇ ವಾಪಸ್ ಬಂದರೆ, ಜೊತೆಗೆ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿಯೂ ಇದ್ದರೆ.

ಒಬ್ಬರು ಪ್ರಜೆ, ಇನ್ನೊಬ್ಬರದು ಭಾರತದ ಪಾಸ್‌ಪೋರ್ಟ್ ಅನ್ನುವ ಜೋಡಿಗಳು ಜಾಸ್ತಿ ಅಲ್ವಾ? ಮದುವೆಯಾದ ಮಾತ್ರಕ್ಕೆ ಆ ವಿನಾಯಿತಿ ಇನ್ನೊಬ್ಬರಿಗೆ ಸಿಗುವುದಿಲ್ಲ. ಹಡಗು ಬಹಾಮಾಸ್‌ಗೆ ಹೋದರೆ ನೀವು ಅಮೆರಿಕ ಬಿಟ್ಟ ಹಾಗೇ ಲೆಕ್ಕ, ಮಯಾಮಿಯಲ್ಲಿ ಇಳಿಯುವಾಗ ಮತ್ತೆ ಹೊಸದಾಗಿ ಒಳಗೆ ಬರಬೇಕು. ಹಾಗಾಗಿ ಊರಿಂದ ಬರುವವರ ವೀಸಾ ಮಲ್ಟಿಪಲ್ ಎಂಟ್ರಿ (ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದು) ಆಗಿರಲೇಬೇಕು.

ಎಚ್-1ಬಿ ಅನ್ನುವ ಕೆಲಸದ ವೀಸಾ ಇರುವವರು ಇನ್ನೂ ಹುಷಾರಾಗಿರಬೇಕು. ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೂ 30 ದಿನದೊಳಗೆ ಹೋಗಿಬರಬಹುದು ಅನ್ನುವ ರಿಯಾಯಿತಿ ಅವರಿಗೆ ಇರುವುದು ಕೆನಡಾ, ಮೆಕ್ಸಿಕೊಗೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೂ ಅದು ಸಿಗುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ, ಅದರಲ್ಲೂ ಕ್ಯೂಬಾ ಬಿಟ್ಟು. ಎಚ್-1ಬಿ ಮಂಜೂರಾಗಿದೆ ಅನ್ನುವ ಐ-797 ಕಾಗದವೊಂದನ್ನೇ ಹಿಡಿದು ಹಡಗು ಹತ್ತಬೇಡಿ.

ಪ್ರಜೆಗಳಾದವರೂ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದೇ ಒಳ್ಳೆಯದು. ದಾರಿಯಲ್ಲಿ ಹುಷಾರು ತಪ್ಪಿ ಯಾವುದೋ ದ್ವೀಪದಿಂದ ವಿಮಾನದಲ್ಲಿ ವಾಪಸ್ ಬರಬೇಕಾದರೆ ಜನನ ಪ್ರಮಾಣಪತ್ರ ನಡೆಯುವುದಿಲ್ಲ.