ಅದು ಸರ್ಕಾರಿ ರಿಜಿಸ್ಟರ್ ಅಲ್ಲ ಕಣ್ರೀ

‘ನ್ಯೂ ಇಂಗ್ಲೆಂಡ್ ಹಿಸ್ಟಾರಿಕಲ್ ಅಂಡ್ ಜೀನಿಯಲಾಜಿಕಲ್ ರಿಜಿಸ್ಟರ್’ ಅಂದ್ರೆ ಅಮೆರಿಕ ಸರ್ಕಾರದ ಜನನ-ಮರಣ ದಾಖಲೆ, ಅದ್ರಲ್ಲಿ ಹೆಸರಿದ್ರೆ ವಂಶ ಪಕ್ಕಾ ಅಂತ ಒಂದು ಮೆಸೇಜ್ ಓಡಾಡ್ತಿದೆ, ತಪ್ಪು. ಹೆಸರಲ್ಲಿ ರಿಜಿಸ್ಟರ್ ಇದೆ ಅಷ್ಟೇ, ಅದೊಂದು ತ್ರೈಮಾಸಿಕ ಪತ್ರಿಕೆ, ನ್ಯೂ ಇಂಗ್ಲೆಂಡ್ ಅಂದ್ರೆ ಅಮೆರಿಕದ ಈಶಾನ್ಯ ಭಾಗ. 1845ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ವಂಶಾವಳಿ ಸೊಸೈಟಿಯವ್ರು 1847ರಿಂದ ತರ್ತಿದಾರೆ. ಊರಿನ ಹಳೇ ದಾಖಲೆ, ಚರ್ಚ್ ಪುಸ್ತಕ, ವಿಲ್, ಸಮಾಧಿ ಕಲ್ಲಿನ ಬರಹ ಎಲ್ಲಾ ನಕಲು ಮಾಡಿ ಹಾಕಿದಾರೆ, ಜೊತೆಗೆ ಸಂಶೋಧಕರ ಲೇಖನಗಳೂ ಇವೆ, ಆದ್ರೆ ನಕಲು ಮಾಡೋವಾಗ ಇಸವಿಯಲ್ಲಿ 1ನ್ನ 7 ಅಂತ ಓದಿದ್ರೂ ಸಾಕು ಅಪ್ಪ ಮಗ ಅದಲು ಬದಲಾಗ್ತಾರೆ, ಅದಕ್ಕೇ ಹಳೇ ಲೇಖನಗಳಿಗೆ ಅಲ್ಲೇ ತಿದ್ದುಪಡಿನೂ ಬರತ್ತೆ. 1620ರಲ್ಲಿ ಇಂಗ್ಲೆಂಡಿಂದ ಅಲ್ಲಿಗೆ ವಲಸೆ ಬಂದ ಮೇಫ್ಲವರ್ ಹಡಗಿನವ್ರ ಮನೆತನ ಮಾತ್ರ ಇರೋದು ಅನ್ನೋದೂ ಸುಳ್ಳು, ಆಮೇಲೆ 1630ರ ದಶಕದಲ್ಲಿ ಬಂದವ್ರ ಬಗ್ಗೆನೂ ಬೇಕಾದಷ್ಟಿದೆ. ಲೇಖನ ಸಿಕ್ರೆ ಅಡಿಟಿಪ್ಪಣಿ ಹಿಡ್ಕೊಂಡು ಮೂಲ ದಾಖಲೆ ಹುಡುಕಿ.