ಕೂದಲು ಉದುರಿದ ಮೇಲೆ ಗುಟ್ಟು ಎಲ್ಲಿ ಉಳಿಯುತ್ತೆ?

"ಕೂದಲು ತಾನೇ, ಮತ್ತೆ ಬರುತ್ತೆ ಬಿಡಿ." ಕ್ಯಾನ್ಸರಿಗೆ ಕೀಮೋ ಶುರುವಾಗೋ ಮುಂಚೆ ಡಾಕ್ಟರಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಹೇಳೋ ಮಾತು ಇದು. ಜೀವ ಉಳಿದರೆ ಸಾಕು ಅನ್ನೋ ಹೊತ್ತಲ್ಲಿ ಕೂದಲು, ಚರ್ಮ ಅಂತ ಕೊರಗೋದು ಶೋಕಿ ಅನ್ನೋ ಲೆಕ್ಕ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಚಿಕ್ಕಮ್ಮನ ಜೊತೆ ಆಸ್ಪತ್ರೆ ಓಡಾಡಿದ ಮೇಲಂತೂ ಸುತರಾಂ ಇಲ್ಲ.

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ, ಮುಂದಿನ ರೂಮಲ್ಲೇ ಹೊಲಿಗೆ ಮೆಷಿನ್. ಬ್ಲೌಸು, ಸೀರೆಗೆ ಫಾಲ್, ಕುಚ್ಚು. ಕಾಯಿಲೆ ವಿಷಯ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ಮನೆ ಓನರ್‌ಗೆ ಬೇಡ. ಮಗಳಿಗೆ ಗಂಡು ನೋಡ್ತಿದ್ದರು, ಹಾಗಾಗಿ ಬೀಗರಾಗೋರಿಗಂತೂ ಬೇಡವೇ ಬೇಡ. ಗಿರಾಕಿಗಳಿಗೆ "ರಕ್ತ ಕಮ್ಮಿಯಾಗಿದೆ" ಅಂದರೆ ಸಾಕು. ಮುಚ್ಚಿಟ್ಟಿದ್ದು ಸರಿಯೋ ತಪ್ಪೋ ಆಮೇಲಿನ ಮಾತು. ಕಾಯಿಲೆ ಅವರದು, ಹೇಳೋದೂ ಬಿಡೋದೂ ಅವರಿಗೆ ಬಿಟ್ಟದ್ದು.

ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಅದು ಅವರ ಕೈತಪ್ಪಿತು. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಹೊಲೀತಿದ್ದ ಬ್ಲೌಸಿನ ಮೇಲೆಲ್ಲ ಕೂದಲು. ಕೊನೆಗೆ ಬೋಳಿಸಿಕೊಂಡರು. ಬೀದಿಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಏನಕ್ಕಾ, ತಿರುಪತಿಗೆ ಹೋಗಿದ್ರಾ?" ಚಿಕ್ಕಮ್ಮ "ಹೂಂ" ಅಂದುಬಿಟ್ಟರು. ಮಾರನೇ ದಿನ ಲಾಡು ಎಲ್ಲಿ ಅಂತ ಬಾಗಿಲಿಗೇ ಬಂದರು! ಆವತ್ತು ನಕ್ಕೆವು. ಹುಬ್ಬು, ರೆಪ್ಪೆ ಉದುರಿದ ಮೇಲೆ ಆ ಸುಳ್ಳೂ ನಡೀಲಿಲ್ಲ. ತಿಮ್ಮಪ್ಪ ಹುಬ್ಬು ಕೇಳಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ಕೂದಲಿನ ಬುಡದ ಜೀವಕೋಶಗಳು ಇಡೀ ದೇಹದಲ್ಲೇ ಅತಿ ಬೇಗ ಬೆಳೆಯೋ ಪೈಕಿ. ಬೇಗ ಬೆಳೆಯೋದನ್ನ ಹೊಡೆಯೋದೇ ಕೀಮೋ ಕೆಲಸ. ಅದಕ್ಕೆ ಗೆಡ್ಡೆ ಯಾವುದು, ಹುಬ್ಬು ಯಾವುದು ತಿಳಿಯಲ್ಲ. ಎಲ್ಲ ಔಷಧಿಯೂ ಒಂದೇ ಥರ ಅಲ್ಲ. "ಕೆಂಪು ಇಂಜೆಕ್ಷನ್" ಅಂತ ರೋಗಿಗಳು ಕರೆಯೋ ಡಾಕ್ಸೊರುಬಿಸಿನ್, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಸಾಮಾನ್ಯವಾಗಿ ತಲೆ ಪೂರ್ತಿ ಖಾಲಿ ಮಾಡುತ್ತವೆ. ಕೆಲವು ಬರೀ ತೆಳ್ಳಗೆ ಮಾಡಿ ಬಿಡುತ್ತವೆ. ಮೂಗಿನೊಳಗಿನ ಕೂದಲೂ ಹೋಗಿ ಮೂಗು ಸುಮ್ಮಸುಮ್ಮನೆ ಸೋರುತ್ತೆ ಅನ್ನೋದನ್ನ ನಮಗೆ ಹೇಳಿದ್ದು ಡಾಕ್ಟರಲ್ಲ, ಪಕ್ಕದ ಬೆಡ್ಡಿನ ಅಜ್ಜಿ. ಕೀಮೋ ಮುಗಿದು ಒಂದೆರಡು ತಿಂಗಳಿಗೆ ಬಹಳಷ್ಟು ಜನಕ್ಕೆ ಕೂದಲು ಚಿಗುರುತ್ತೆ, ಕೆಲವರಿಗೆ ಮೊದಲು ಗುಂಗುರಾಗಿ. ಡೋಸಿಟ್ಯಾಕ್ಸೆಲ್ ತಗೊಂಡ ಕೆಲವರಿಗೆ ಮಾತ್ರ ಮೊದಲಿನಷ್ಟು ದಟ್ಟವಾಗಿ ಬರೋದೇ ಇಲ್ಲ. ಅಂದಮೇಲೆ "ಮತ್ತೆ ಬರುತ್ತೆ ಬಿಡಿ" ಅಂತ ಎಲ್ಲರಿಗೂ ಆಣೆ ಮಾಡಿದ ಹಾಗೆ ಯಾಕೆ ಹೇಳ್ತೀರಿ?

ತಲೆಗೆ ತಣ್ಣನೆ ಟೋಪಿ ಹಾಕಿ ಕೂದಲು ಉಳಿಸೋ ಯಂತ್ರ ಇದೆ. ತಂಪಿಗೆ ನೆತ್ತಿಯ ರಕ್ತನಾಳ ಕುಗ್ಗಿ ಔಷಧಿ ಬುಡಕ್ಕೆ ಕಮ್ಮಿ ತಲುಪುತ್ತೆ. ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟೋಪಿ ಹಾಕಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರ ಕೂದಲು ಉಳಿಯಿತು, ಹಾಕಿಕೊಳ್ಳದವರಲ್ಲಿ ಒಬ್ಬರದೂ ಉಳಿಯಲಿಲ್ಲ. ಕೆಂಪು ಇಂಜೆಕ್ಷನ್ ಎದುರು ಅದರ ಆಟ ಅಷ್ಟಾಗಿ ನಡೆಯಲ್ಲ. ರಕ್ತದ ಕ್ಯಾನ್ಸರ್ ಇದ್ದವರಿಗೆ ಹಾಕಲ್ಲ. ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಈ ಯಂತ್ರ ಇದೆ, ಖರ್ಚು ನಮ್ಮಂಥವರಿಗಲ್ಲ. ಇನ್ನು ವಿಗ್. ಅಸಲಿ ಕೂದಲಿನದು ಬೇಕು ಅಂದರೆ ಸಾವಿರಗಟ್ಟಲೆ ದುಡ್ಡು. ಅದೇ ತಿರುಪತಿಯಲ್ಲಿ ಭಕ್ತರು ಕೊಟ್ಟ ಕೂದಲು ಹರಾಜಾಗಿ, ವಿಗ್ ಮಾಡೋಕೆ ಹೊರದೇಶಗಳಿಗೂ ಹೋಗುತ್ತೆ. ಚಿಕ್ಕಮ್ಮ ಏಪ್ರಿಲ್ ಸೆಕೆಗೆ ವಿಗ್ ಬಿಸಾಕಿ, ತಾವೇ ಹೊಲಿದ ಕಾಟನ್ ಟೋಪಿಯಲ್ಲಿ ಓಡಾಡಿದರು.

ಆದರೂ ಕೂದಲಿಗೆ ಅನುಕಂಪನಾದರೂ ಸಿಗುತ್ತೆ. ಚರ್ಮಕ್ಕೆ ಅದೂ ಇಲ್ಲ.

ಆಪರೇಷನ್ ಆದಮೇಲೆ ರೇಡಿಯೇಷನ್ ಕೊಟ್ಟರು, ಕತ್ತಿನ ಬುಡದವರೆಗೂ. ಕೆಲವು ವಾರಕ್ಕೆ ಚರ್ಮ ಕೆಂಪಗಾಗಿ, ಆಮೇಲೆ ಕಪ್ಪಾಗಿ, ಕಂಕುಳಲ್ಲಿ ಸುಲೀತು. ಉಜ್ಜೋದು ಏನೂ ಇರಬಾರದು, ತಾಳಿ ಸರ ತೆಗೆದಿಡಿ ಅಂದರು. ಅಜ್ಜಿ ಒಪ್ಪಬೇಕಲ್ಲ! ಎರಡು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಕೊನೆಗೆ ಚಿಕ್ಕಪ್ಪನೇ "ನಾನಿನ್ನೂ ಗಟ್ಟಿಯಾಗೇ ಇದ್ದೀನಲ್ಲ ಅತ್ತೆ" ಅಂತ ತಮ್ಮ ಕೈಯಾರೆ ಬಿಚ್ಚಿ ದೇವರ ಮನೆಯಲ್ಲಿಟ್ಟರು. ಸ್ಟಿಕ್ಕರ್ ಬಿಂದಿಯ ಅಂಟಿಗೂ ಹಣೆ ಗಾಯ ಆಗ್ತಿತ್ತು.

ಆಮೇಲೆ ಬಂತು ಮಾತ್ರೆ ಕೀಮೋ, ಕೆಪಾಸಿಟಾಬಿನ್. 14 ದಿನ ನುಂಗೋದು, 7 ದಿನ ಬಿಡುವು. ಕೂದಲು ಇದರಲ್ಲಿ ಅಷ್ಟಾಗಿ ಹೋಗಲ್ಲ, ಹಾಗಾಗಿ ಎಲ್ಲರಿಗೂ ಸಮಾಧಾನ. ಆದರೆ ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಎದ್ದು, ಸೀಳು ಬಿಡ್ತು. ಕತ್ತರಿ ಹಿಡಿಯೋಕಾಗಲ್ಲ, ಸೂಜಿಗೆ ದಾರ ಪೋಣಿಸೋಕಾಗಲ್ಲ. ಬೋಳು ತಲೆಯಲ್ಲೂ ನಿಲ್ಲದ ಮೆಷಿನ್ ಆಗ ನಿಂತಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳಲಿಲ್ಲ. "ಒರೆಸಿ ಇಡಿ ಅಕ್ಕಾ, ಇನ್ನೊಂದು ಬೆರಳು ಇಡಿ" ಅಂತ ಹತ್ತೂ ಬೆರಳು ಇಟ್ಟಿದ್ದಾಯ್ತು. ಗೆರೆ ಇದ್ದರೆ ತಾನೇ? ಕಡೆಗೆ ಮಗ ಕೆಲಸಕ್ಕೆ ರಜೆ ಹಾಕಿ ಬಂದು ಬೆರಳಿಟ್ಟ. ಇದು ಯಾರಿಗೂ ಗೊತ್ತಿಲ್ಲದ ವಿಚಾರವೇನಲ್ಲ. ಇದೇ ಮಾತ್ರೆಯಿಂದ ಬೆರಳಚ್ಚು ಅಳಿಸಿಹೋದ ಸಿಂಗಪುರದ ರೋಗಿಯೊಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದು ಕೂರಿಸಿದ್ದು 2009ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ನಮ್ಮಲ್ಲಿ ಅಕ್ಕಿಗೂ ಬೆರಳು ಬೇಕು. ಹಾಗಿದ್ದೂ ಮಾತ್ರೆ ಚೀಟಿ ಕೊಡುವಾಗ ಯಾರೂ ಒಂದು ಮಾತು ಹೇಳಲ್ಲ.

ಇನ್ನೊಂದು ಹೇಳಬೇಕು. ಕೈ ತೋರಿಸಿದರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಅಂತ ಚಿಕ್ಕಮ್ಮ ಓಪಿಡಿಯಲ್ಲಿ ಅಂಗೈ ಮುಚ್ಚಿಕೊಂಡು ಕೂತಿರ್ತಿದ್ದರು. ಕೈ ಸುಧಾರಿಸೋ ತನಕ ಬಿಡುವು ಕೊಡೋದು, ಡೋಸ್ ಇಳಿಸೋದು ಈ ಮಾತ್ರೆ ಕೊಡೋ ಕ್ರಮದಲ್ಲೇ ಇದೆ. ಹಾಗೆ ಮಾಡಿದರೆ ಚಿಕಿತ್ಸೆ ಕೆಟ್ಟಿತು ಅಂತಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಗೆಫಿಟಿನಿಬ್ ಅನ್ನೋ ಮಾತ್ರೆ ತಗೊಂಡು ಮುಖದ ತುಂಬ ಮೊಡವೆಯಂಥ ಗುಳ್ಳೆ ಎದ್ದವರದೂ ಇದೇ ಕತೆ. ಡಾಕ್ಟರಿಗೆ ಹೇಳಲ್ಲ, ಮೆಡಿಕಲ್ ಶಾಪಿನ ಮೊಡವೆ ಕ್ರೀಮ್ ಹಚ್ಚಿ ಇನ್ನಷ್ಟು ಒಣಗಿಸಿಕೊಳ್ತಾರೆ.

ಒಂದು ಕಾಲಕ್ಕೆ ಕೀಮೋ ಅಂದರೆ ವಾಂತಿ. 1990ರ ದಶಕದಲ್ಲಿ ವಾಂತಿ ತಡೆಯೋ ಒಂಡಾನ್ಸೆಟ್ರಾನ್ ಬಂದ ಮೇಲೆ ಆ ಮಾತು ಬದಲಾಯಿತು. ಇವತ್ತು ಡ್ರಿಪ್ ಏರಿಸೋ ಮುಂಚೆಯೇ ವಾಂತಿಗೆ ಇಂಜೆಕ್ಷನ್ ಕೊಡ್ತಾರೆ. ವಾಂತಿ ಆಗಲಿ ಆಮೇಲೆ ನೋಡೋಣ ಅಂತ ಯಾರೂ ಅನ್ನಲ್ಲ. ಕೈಕಾಲಿಗೂ ಹಾಗೇ ಯಾಕೆ ಆಗಬಾರದು? ದೆಹಲಿಯ ಏಮ್ಸ್‌ನವರು ಕೆಪಾಸಿಟಾಬಿನ್ ತಗೊಳ್ಳೋರ ಕೈಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿಸಿ ನೋಡಿದರು. ನೋವಿಗೆ ಮೆಡಿಕಲ್ ಶಾಪಲ್ಲಿ ಸಿಗುತ್ತಲ್ಲ, ಅದೇ ಜೆಲ್. 2024ರಲ್ಲಿ ಫಲಿತಾಂಶ ಬಂತು: ಔಷಧಿಯಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ. 15 ಜನಕ್ಕೆ ಮಧ್ಯಮ ಇಲ್ಲವೇ ತೀವ್ರ ಮಟ್ಟದಲ್ಲಿ ಕಾಡಿದ ಈ ತೊಂದರೆ, ಔಷಧಿ ಜೆಲ್ ಹಚ್ಚಿದವರಲ್ಲಿ ಶೇ. 3.8ಕ್ಕೆ ಇಳಿದಿತ್ತು. ನಮ್ಮ ದೇಶದಲ್ಲೇ ಆದ ಕೆಲಸ, ಕಮ್ಮಿ ಖರ್ಚಿನದು. ನಿಮ್ಮ ಡಾಕ್ಟರನ್ನ ಕೇಳಿಯೇ ಹಚ್ಚಿ, ಆದರೆ ಕೇಳೋದಂತೂ ಕೇಳಿ.

ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಂಥ ಜಾಗಕ್ಕೆ ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿ ಬಸ್ಸಲ್ಲಿ ಬರೋ ಜನ ಗಾರೆ ಕೆಲಸದವರು, ಹೊಲದವರು. ಅವರ ಅಂಗೈ ಒಡೆದರೆ ಮನೆ ನಡೆಯೋದು ಹೇಗೆ? ನಾನು ಕೇಳೋದು ದೊಡ್ಡದೇನಲ್ಲ. ಎಲ್ಲ ಆಸ್ಪತ್ರೆಯಲ್ಲೂ ಕೀಮೋಗೆ ಸಹಿ ಹಾಕಿಸಿಕೊಳ್ಳುವಾಗ ಕನ್ನಡದಲ್ಲಿ ಒಂದು ಹಾಳೆ ಕೊಡಿ: ಯಾವ ಔಷಧಿಗೆ ಕೂದಲು ಹೋಗುತ್ತೆ, ಯಾವುದಕ್ಕೆ ಕೈ, ಯಾವಾಗಿಂದ, ಏನು ಹಚ್ಚಬೇಕು, ಎಷ್ಟಾದರೆ ಫೋನ್ ಮಾಡಬೇಕು. ಬಟ್ಟೆ ಸೋಪು, ಬಿಸಿನೀರು ದೂರ ಇಡಿ, ಯೂರಿಯಾ ಇರೋ ಕ್ರೀಮ್ ಹಚ್ಚಿ ಅನ್ನೋ ಮಾತು ನಮಗೆ ಕೈ ಸೀಳು ಬಿಟ್ಟ ಮೇಲೆ ಸಿಕ್ಕಿತು. ಜೊತೆಗೆ, ರೋಗಿಗೆ ಬೆರಳಚ್ಚು ಬರಲ್ಲ ಅಂತ ಒಂದು ಚೀಟಿ ಬರೆದುಕೊಡಿ.

ಈರುಳ್ಳಿ ರಸ, ಕೇಶತೈಲ, ಲೋಳೆಸರ, ಯಾರೋ ಗುರೂಜಿಯ ಲೇಪ ಇವನ್ನೆಲ್ಲ ಕಾಮೆಂಟಲ್ಲಿ ಹಾಕಬೇಡಿ, ಅಳಿಸ್ತೀನಿ. ಚಿಕಿತ್ಸೆ ನಡೀತಿರೋರ ಮನೆಯವರಿದ್ದರೆ, ನಿಮಗೆ ಮೊದಲೇ ಏನು ಹೇಳಿದ್ದರು, ಏನು ಹೇಳಿರಲಿಲ್ಲ ಅಂತ ಬರೀರಿ.